ಹಬ್ಬದ ದಿನವೂ ಗ್ರಂಥದ ಸತ್ಯವೂ



ಧರ್ಮವು ಕಾಲಾತೀತವಾದುದು, ಹಬ್ಬವು ಕಾಲಬದ್ಧವಾದುದು. ಕಾಲದಲ್ಲಿ ಬದುಕುವ ಮಾನವನು ಕಾಲಾತೀತವಾದುದನ್ನು ನೆನಪಿನಲ್ಲಿ ಉಳಿಸಿಕೊಳ್ಳಬೇಕಾದರೆ ಒಂದು ದಿನವನ್ನು ಗೊತ್ತುಮಾಡಿಕೊಳ್ಳಲೇಬೇಕಾಗುತ್ತದೆ. ಆದರೆ ಹಾಗೆ ಗೊತ್ತುಮಾಡಿಕೊಂಡ ದಿನವೇ ಕೆಲವೊಮ್ಮೆ ಧರ್ಮದ ಪೀಠವನ್ನೇರಿ ಕುಳಿತುಬಿಡುತ್ತದೆ. ಆಗ ದಿನವನ್ನು ಆಚರಿಸುವವನು ಆಚರಿಸದವನನ್ನು ಭ್ರಷ್ಟನೆನ್ನುತ್ತಾನೆ. ಆಚರಿಸದವನು ಆಚರಿಸುವವನನ್ನು ಮೂಢನೆನ್ನುತ್ತಾನೆ. ಈ ಇಕ್ಕಟ್ಟು ಯಾವುದೋ ಒಂದು ಮತಕ್ಕೆ ಸೀಮಿತವಾದುದಲ್ಲ.

ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿ, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ನಮಗೊಂದು ಪತ್ರ ಬರೆದಿದ್ದರು. ಅವರ ನೆರೆಹೊರೆಯಲ್ಲಿ ಎರಡು ಕ್ರೈಸ್ತ ಕುಟುಂಬಗಳಿವೆಯಂತೆ. ಡಿಸೆಂಬರ್ ಬಂದೊಡನೆ ಒಂದು ಮನೆಯ ಮುಂದೆ ನಕ್ಷತ್ರದ ದೀಪ ತೂಗುತ್ತದೆ. ಇನ್ನೊಂದು ಮನೆಯಲ್ಲಿ ಹಬ್ಬದ ಸುಳಿವೇ ಇರುವುದಿಲ್ಲ. ವಿಚಾರಿಸಿದರೆ, ಕ್ರಿಸ್‌ಮಸ್ಸನ್ನು ಆಚರಿಸಬೇಕೆಂಬ ಅಪ್ಪಣೆ ಸತ್ಯವೇದದಲ್ಲಿ ಎಲ್ಲಿಯೂ ಇಲ್ಲವೆಂದು ಆ ಎರಡನೆಯ ಮನೆಯ ಯಜಮಾನರು ಹೇಳಿದರಂತೆ. ಒಂದೇ ಗ್ರಂಥವನ್ನು ನಂಬಿದವರು ಹೀಗೆ ಭಿನ್ನವಾಗಿ ನಡೆದರೆ ಸತ್ಯವು ಯಾರ ಮನೆಯಲ್ಲಿದೆ, ಎಂಬುದು ಪತ್ರದ ಪ್ರಶ್ನೆ. ಪತ್ರದ ಕೊನೆಯಲ್ಲಿ ಇನ್ನೊಂದು ಸಂಗತಿಯಿತ್ತು. ಅವರ ಮಗನು ವಚನಗಳನ್ನು ಓದಿಕೊಂಡು, ಇಷ್ಟಲಿಂಗವುಳ್ಳವರಿಗೆ ಮಣ್ಣಿನ ಗಣಪತಿ ಏಕೆಂದು ಕೇಳಿ, ಹಬ್ಬದ ಪೂಜೆಗೆ ಬರಲಿಲ್ಲವಂತೆ. ಅಜ್ಜಿ ಎರಡು ದಿನ ಊಟ ಬಿಟ್ಟರಂತೆ. ಇಂದಿಗೂ ಅಜ್ಜಿ ಮೊಮ್ಮಕ್ಕಳಲ್ಲಿ ಮಾತಿಲ್ಲವಂತೆ. ಪತ್ರದ ತಿರುಳು ಈ ಕೊನೆಯ ಸಾಲುಗಳಲ್ಲಿದೆಯೆಂದು ನಮಗೆ ತೋರಿತು. ಇಂತಹ ಮನೆಗಳು ಹಲವಿರುವುದರಿಂದ ಉತ್ತರವನ್ನು ಈ ಪತ್ರಿಕೆಯಲ್ಲಿಯೇ ಬರೆಯುತ್ತಿದ್ದೇವೆ. ಎರಡು ಸಾವಿರ ವರ್ಷಗಳಿಂದ ಇದೇ ತೊಡಕನ್ನು ಬಿಡಿಸುತ್ತ ಬಂದ ಕ್ರೈಸ್ತರ ಅನುಭವದಿಂದ ನಾವು ಕಲಿಯಬಹುದಾದುದು ಬಹಳವಿದೆ.

ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಸಿಸುತ್ತಿದ್ದಾಗ ನಮಗೆ ಕರಾವಳಿಯ ಒಬ್ಬ ಕ್ರೈಸ್ತ ಸಹಪಾಠಿಯ ಸ್ನೇಹ ದೊರೆತಿತ್ತು. ಅವರ ಹಿರಿಯರು, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯವರು. ಕಿಟ್ಟೆಲ್ಲರ ನಿಘಂಟಿನ ಋಣದಿಂದಾಗಿ ಕನ್ನಡಿಗರೆಲ್ಲರಿಗೂ ಪರಿಚಿತವಾದ ಪರಂಪರೆಯದು. ಸಂಜೆಯ ಹೊತ್ತು ನಾವು ಅವರಿಗೆ ವಚನಗಳನ್ನು ಓದಿ ಹೇಳುತ್ತಿದ್ದೆವು. ಅವರು ನಮಗೆ ಸತ್ಯವೇದವನ್ನು ಓದಿ ಹೇಳುತ್ತಿದ್ದರು. ಕನ್ನಡ ಕ್ರೈಸ್ತರು ಬೈಬಲ್ಲನ್ನು ಸತ್ಯವೇದವೆಂದೇ ಕರೆಯುವುದು ನಮಗೆ ಆಗಲೇ ಅರ್ಥಪೂರ್ಣವಾಗಿ ಕಂಡಿತ್ತು. ಗ್ರಂಥದ ಹೆಸರಿನಲ್ಲಿಯೇ ಸತ್ಯವಿದ್ದರೂ ಓದುವವನ ಹೊಣೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ, ಎಂದು ಆ ಸ್ನೇಹಿತರು ಹೇಳುತ್ತಿದ್ದರು.

ಮೊದಲು ಗ್ರಂಥವು ಏನು ಹೇಳುತ್ತದೆಂಬುದನ್ನು ನೋಡೋಣ. ನಾಲ್ಕು ಸುವಾರ್ತೆಗಳಲ್ಲಿ ಏಸುಕ್ರಿಸ್ತನ ಜನನದ ವೃತ್ತಾಂತವಿರುವುದು ಮತ್ತಾಯ, ಲೂಕ ಎಂಬ ಎರಡರಲ್ಲಿ ಮಾತ್ರ. ಮಾರ್ಕನು ಯೊರ್ದನ್ ನದಿಯ ದೀಕ್ಷಾಸ್ನಾನದಿಂದ ಚರಿತ್ರೆಯನ್ನು ಆರಂಭಿಸುತ್ತಾನೆ. ಯೋಹಾನನು ಸೃಷ್ಟಿಗೂ ಮೊದಲಿದ್ದ ದಿವ್ಯವಾಕ್ಯದಿಂದ ಆರಂಭಿಸುತ್ತಾನೆ. ಜನನವನ್ನು ಹೇಳುವ ಇಬ್ಬರೂ ತಿಂಗಳನ್ನಾಗಲಿ ತಾರೀಖನ್ನಾಗಲಿ ಹೇಳುವುದಿಲ್ಲ. ವರ್ಷದ ವಿಷಯದಲ್ಲಿಯೂ ತೊಡಕಿದೆ. ಮತ್ತಾಯನ ಪ್ರಕಾರ ಆಗ ಹೆರೋದನು ರಾಜನಾಗಿದ್ದನು. ಅವನು ಕ್ರಿಸ್ತಪೂರ್ವ 4ರಲ್ಲಿ ತೀರಿಕೊಂಡನೆಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಲೂಕನು ಹೇಳುವ ಕುರೇನ್ಯನ ಕಾಲದ ಜನಗಣತಿಯನ್ನು ಇತಿಹಾಸಕಾರರು ಕ್ರಿಸ್ತಶಕ 6ಕ್ಕೆ ಸೇರಿಸುತ್ತಾರೆ. ಕ್ರಿಸ್ತಶಕವೆಂಬ ಗಣನೆಯೇ 525ರ ಸುಮಾರಿಗೆ ದಿಯೊನಿಸಿಯಸ್ ಎಂಬ ಸನ್ಯಾಸಿಯು ರೂಢಿಸಿದ ಲೆಕ್ಕ. ಹೀಗಾಗಿ ಕ್ರಿಸ್ತನು ಕ್ರಿಸ್ತಶಕಕ್ಕಿಂತ ಕೆಲವು ವರ್ಷ ಮೊದಲೇ ಹುಟ್ಟಿದನೆಂದು ಹೇಳಬೇಕಾದ ವಿಚಿತ್ರ ಪರಿಸ್ಥಿತಿ ಉಂಟಾಗಿದೆ.

ಡಿಸೆಂಬರ್ 25ರ ಉಲ್ಲೇಖವು ನಿಶ್ಚಿತವಾಗಿ ದೊರೆಯುವುದು 354ರಲ್ಲಿ ರೋಮಿನಲ್ಲಿ ಸಿದ್ಧವಾದ ಒಂದು ಪಂಚಾಂಗ ಸಂಗ್ರಹದಲ್ಲಿ. ಚಕ್ರವರ್ತಿ ಔರೇಲಿಯನ್ನನು ಮೂರನೆಯ ಶತಮಾನದಲ್ಲಿ ಪ್ರೋತ್ಸಾಹಿಸಿದ ಸೂರ್ಯಾರಾಧನೆಯ ದಿನವನ್ನೇ ಕ್ರೈಸ್ತರು ತಮ್ಮದಾಗಿಸಿಕೊಂಡರೆಂದು ಕೆಲವರು ಹೇಳುತ್ತಾರೆ. ಕ್ರಿಸ್ತನು ಮಾತೃಗರ್ಭವನ್ನು ಸೇರಿದ ದಿನವನ್ನು ಮಾರ್ಚ್ 25 ಎಂದು ಗಣಿಸಿ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದುದರ ಫಲವೆಂದು ಇನ್ನು ಕೆಲವರು ಹೇಳುತ್ತಾರೆ. ರಷ್ಯ, ಸರ್ಬಿಯ ಮುಂತಾದ ಕಡೆಯ ಆರ್ಥೊಡಾಕ್ಸ್ ಸಭೆಗಳು ಹಳೆಯ ಪಂಚಾಂಗವನ್ನು ಬಿಡದೆ ಇರುವುದರಿಂದ ಅವರ ಡಿಸೆಂಬರ್ 25 ನಮ್ಮ ಜನವರಿ 7ಕ್ಕೆ ಬರುತ್ತದೆ. ಅರ್ಮೇನಿಯದ ಪ್ರಾಚೀನ ಸಭೆಯು ಜನವರಿ 6ರಂದು ಆಚರಿಸುತ್ತದೆ. ಹಾಗಾದರೆ, ಹಬ್ಬ ಮಾಡದ ಆ ನೆರೆಮನೆಯವರ ಮಾತು ಅಕ್ಷರಶಃ ನಿಜ. ಗ್ರಂಥದಲ್ಲಿ ದಿನವೂ ಇಲ್ಲ, ಅಪ್ಪಣೆಯೂ ಇಲ್ಲ.

ಆದರೆ ಅಪ್ಪಣೆ ಇಲ್ಲವೆಂಬುದರಿಂದ ಏನನ್ನು ತಿಳಿಯಬೇಕು? ಇಲ್ಲಿಂದಲೇ ವ್ಯಾಖ್ಯಾನದ ಕೆಲಸ ಮೊದಲಾಗುತ್ತದೆ. ಗ್ರಂಥವು ಆಜ್ಞಾಪಿಸದೆ ಇದ್ದುದು ಆರಾಧನೆಯಲ್ಲಿ ಇರಕೂಡದೆಂಬುದು ಕಾಲ್ವಿನನ ದಾರಿಯಲ್ಲಿ ನಡೆದ ಸುಧಾರಕರ ನಿಲುವು. ಗ್ರಂಥವು ನಿಷೇಧಿಸದೆ ಇದ್ದುದನ್ನು, ಅದು ಹಿತವಾಗಿದ್ದರೆ, ಉಳಿಸಿಕೊಳ್ಳಬಹುದೆಂಬುದು ಲೂಥರನ ಅನುಯಾಯಿಗಳ ನಿಲುವು. ಗ್ರಂಥದ ಜೊತೆಗೆ ಸಭೆಯ ಪರಂಪರೆಯೂ ಪ್ರಮಾಣವೆಂಬುದು ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಸಭೆಗಳ ನಿಲುವು. ಮೂವರ ಕೈಯಲ್ಲಿರುವುದೂ ಸತ್ಯವೇದವೇ; ಅದರ ಮೌನವನ್ನು ಮೂವರು ಮೂರು ಬಗೆಯಾಗಿ ಓದಿದ್ದಾರೆ.

ಮೌನವಿರುವೆಡೆ ಮಾತ್ರವಲ್ಲ, ಮಾತಿರುವೆಡೆಯೂ ಈ ಕಷ್ಟವುಂಟು. ಸಂತ ಪೌಲನು ರೋಮಿನವರಿಗೆ ಬರೆದ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಒಬ್ಬನು ಒಂದು ದಿನವನ್ನು ವಿಶೇಷವೆಂದು ಬಗೆಯಬಹುದು, ಇನ್ನೊಬ್ಬನು ಎಲ್ಲ ದಿನಗಳನ್ನೂ ಸಮವೆಂದು ಬಗೆಯಬಹುದು, ಅವರವರ ಮನಸ್ಸಿಗೆ ನಿಶ್ಚಯವಿದ್ದರೆ ಸಾಕು ಎಂಬ ಅರ್ಥದ ಮಾತನ್ನು ಹೇಳುತ್ತಾನೆ. ಅದೇ ಪೌಲನು ಗಲಾತ್ಯದವರಿಗೆ ಬರೆಯುವಾಗ, ನೀವು ದಿನ, ಮಾಸ, ಸಂವತ್ಸರಗಳನ್ನು ಆಚರಿಸತೊಡಗಿದ್ದೀರಿ, ನಿಮಗಾಗಿ ಪಟ್ಟ ಶ್ರಮವೆಲ್ಲ ವ್ಯರ್ಥವಾಯಿತೇನೋ ಎಂದು ಮರುಗುತ್ತಾನೆ. ಒಂದೆಡೆ ಅನುಮತಿ, ಇನ್ನೊಂದೆಡೆ ಖಂಡನೆ. ಬೇಕಾದವನು ಬೇಕಾದ ಸಾಲನ್ನು ಹಿಡಿದುಕೊಂಡು ವಾದಿಸಬಹುದು.

ಸಂಸ್ಕೃತ ಪಾಠಶಾಲೆಯಲ್ಲಿ ನಮ್ಮ ಗುರುಗಳು ತಾತ್ಪರ್ಯನಿರ್ಣಯದ ಆರು ಲಿಂಗಗಳನ್ನು ಕಲಿಸಿದ್ದರು: ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಒಂದು ಗ್ರಂಥದ ಅಭಿಪ್ರಾಯವು ಒಂದು ವಾಕ್ಯದಲ್ಲಿರದೆ ಆರಂಭ ಸಮಾಪ್ತಿಗಳ ಐಕ್ಯದಲ್ಲಿಯೂ, ಮತ್ತೆ ಮತ್ತೆ ಹೇಳಿದ ವಿಷಯದಲ್ಲಿಯೂ, ಅದರಿಂದ ದೊರೆಯುವ ಫಲದಲ್ಲಿಯೂ ಇರುತ್ತದೆಂಬುದು ಇದರ ಸಾರ. ಈ ಅಳತೆಗೋಲನ್ನು ಹಿಡಿದು ಪೌಲನ ಎರಡು ಪತ್ರಿಕೆಗಳನ್ನು ನಾವು ನೋಡಿದೆವು. ಗಲಾತ್ಯದವರ ಪತ್ರಿಕೆಯ ಮೊದಲಿನಿಂದ ಕೊನೆಯವರೆಗೂ ಇರುವ ಪ್ರಶ್ನೆ ಒಂದೇ: ಯೆಹೂದ್ಯರಲ್ಲದವರು ಕ್ರಿಸ್ತನ ಕೃಪೆಗೆ ಪಾತ್ರರಾಗಬೇಕಾದರೆ ಮೊದಲು ಸುನ್ನತಿ ಮುಂತಾದ ನಿಯಮಗಳನ್ನು ಪಾಲಿಸಬೇಕೆ? ಅಲ್ಲಿ ದಿನಾಚರಣೆಯು ಮುಕ್ತಿಗೆ ಕಟ್ಟಬೇಕಾದ ಸುಂಕವಾಗಿ ಬಂದಿತ್ತು. ಆದುದರಿಂದ ಪೌಲನು ಅದನ್ನು ತಿರಸ್ಕರಿಸಿದನು. ರೋಮಿನವರಿಗೆ ಬರೆದ ಅಧ್ಯಾಯದ ಪ್ರಶ್ನೆ ಬೇರೆ: ಒಂದೇ ಸಭೆಯಲ್ಲಿರುವ, ಅಭ್ಯಾಸಗಳು ಭಿನ್ನವಾದ ಸೋದರರು ಒಬ್ಬರನ್ನೊಬ್ಬರು ಹೇಗೆ ಕಾಣಬೇಕು? ಅಲ್ಲಿ ದಿನಾಚರಣೆಯು ಭಕ್ತಿಯ ಒಂದು ರೀತಿ ಮಾತ್ರ. ಆದುದರಿಂದ ಅದಕ್ಕೆ ಸ್ವಾತಂತ್ರ್ಯ ದೊರೆಯಿತು. ಆಚರಣೆಯೊಂದೇ ಆದರೂ ಅದಕ್ಕೆ ಕೊಟ್ಟ ಬೆಲೆ ಬೇರೆಯಾದಾಗ ತೀರ್ಪೂ ಬೇರೆಯಾಗುತ್ತದೆ. ಹೀಗೆ ನೋಡಿದರೆ ಎರಡು ಪತ್ರಿಕೆಗಳಲ್ಲಿ ವಿರೋಧವಿಲ್ಲ.

ಈ ತಿಳಿವು ಕಾರ್ಯರೂಪದಲ್ಲಿ ಹೇಗಿರುತ್ತದೆಂಬುದಕ್ಕೆ ಕ್ರೈಸ್ತರ ಇತಿಹಾಸದಲ್ಲಿ ಒಂದು ಸುಂದರ ನಿದರ್ಶನವಿದೆ. ಎರಡನೆಯ ಶತಮಾನದಲ್ಲಿ ಕ್ರಿಸ್ತನ ಪುನರುತ್ಥಾನದ ಹಬ್ಬವನ್ನು ಏಷ್ಯಾಮೈನರಿನವರು ಯೆಹೂದ್ಯರ ನೀಸಾನ್ ಮಾಸದ ಹದಿನಾಲ್ಕನೆಯ ದಿನ, ಅದು ಯಾವ ವಾರವೇ ಆಗಿರಲಿ, ಆಚರಿಸುತ್ತಿದ್ದರು. ರೋಮಿನವರು ಭಾನುವಾರವೇ ಆಗಬೇಕೆನ್ನುತ್ತಿದ್ದರು. ಸುಮಾರು 155ರಲ್ಲಿ ಸ್ಮುರ್ನದ ವಯೋವೃದ್ಧ ಬಿಷಪ್ ಪಾಲಿಕಾರ್ಪರು ರೋಮಿಗೆ ಬಂದು ಅಲ್ಲಿಯ ಬಿಷಪ್ ಅನಿಕೇತಸ್ಸರೊಡನೆ ಚರ್ಚಿಸಿದರು. ತಮ್ಮ ಪದ್ಧತಿ ಶಿಷ್ಯನಾದ ಯೋಹಾನನಿಂದಲೇ ಬಂದುದೆಂದು ಪಾಲಿಕಾರ್ಪರು ಹೇಳಿದರು. ತಮಗಿಂತ ಹಿಂದಿನ ಹಿರಿಯರ ಪದ್ಧತಿಯನ್ನು ಬಿಡಲಾರೆವೆಂದು ಅನಿಕೇತಸ್ಸರು ಹೇಳಿದರು. ಇಬ್ಬರಲ್ಲಿ ಯಾರೂ ಮಣಿಯಲಿಲ್ಲ. ಆದರೂ ಅನಿಕೇತಸ್ಸರು ತಮ್ಮ ಸಭೆಯಲ್ಲಿಯೇ ಪವಿತ್ರ ಪ್ರಸಾದವಿಧಿಯನ್ನು ನಡೆಸುವ ಗೌರವವನ್ನು ಪಾಲಿಕಾರ್ಪರಿಗೆ ಬಿಟ್ಟುಕೊಟ್ಟರು. ಭೇದವು ಭೇದವಾಗಿಯೇ ಉಳಿಯಿತು. ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು. ಮುಂದೆ ಸುಮಾರು 190ರಲ್ಲಿ ರೋಮಿನ ಬಿಷಪ್ ವಿಕ್ಟರರು ಇದೇ ಕಾರಣಕ್ಕೆ ಏಷ್ಯದ ಸಭೆಗಳನ್ನು ಬಹಿಷ್ಕರಿಸಹೊರಟಾಗ ಲಿಯೋನ್ ನಗರದ ಇರೆನೇಯಸ್ಸರು ಈ ಹಳೆಯ ಪ್ರಸಂಗವನ್ನೇ ನೆನಪಿಸಿ ಅವರಿಗೆ ಬುದ್ಧಿ ಹೇಳಿದರು. ಇರೆನೇಯಸ್ಸರು ಸ್ವತಃ ಭಾನುವಾರದ ಪಕ್ಷದವರೆಂಬುದನ್ನು ಗಮನಿಸಬೇಕು. ತನ್ನ ಪಕ್ಷ ಸರಿಯೆಂದು ತಿಳಿದಿದ್ದರೂ ಎದುರು ಪಕ್ಷವನ್ನು ಹೊರಗೆ ಹಾಕಬಾರದೆಂದು ಹೇಳಲು ದೊಡ್ಡ ಮನಸ್ಸು ಬೇಕು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನಗಳೂ ಇವೆ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್‌ಮಸ್, ಈಸ್ಟರ್ ಮುಂತಾದ ಹಬ್ಬಗಳನ್ನು ರದ್ದುಪಡಿಸಿ, ಆಳುಕಾಳುಗಳ ವಿಶ್ರಾಂತಿಗೆಂದು ಪ್ರತಿ ತಿಂಗಳ ಎರಡನೆಯ ಮಂಗಳವಾರವನ್ನು ಗೊತ್ತುಮಾಡಿತು. ಆ ವರ್ಷದ ಕ್ರಿಸ್‌ಮಸ್ಸಿಗೆ ಕ್ಯಾಂಟರ್‌ಬರಿಯಲ್ಲಿ ಗಲಭೆಯೇ ಆಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಷಿಲಿಂಗ್ ದಂಡವಿತ್ತು. ಸ್ಕಾಟ್‌ಲೆಂಡಿನಲ್ಲಿ ಆ ದಿನವು ಸಾರ್ವಜನಿಕ ರಜೆಯಾದುದು 1958ರಲ್ಲಿ. ಗ್ರಂಥದಲ್ಲಿ ಇಲ್ಲದುದನ್ನು ಜನರ ಮೇಲೆ ಹೇರಬಾರದೆಂದು ಹೊರಟವರು, ಗ್ರಂಥದಲ್ಲಿ ಇಲ್ಲದ ದಂಡವನ್ನು ಜನರ ಮೇಲೆ ಹೇರಿದರು. ಸತ್ಯದ ಮೇಲಿನ ಅವರ ನಿಷ್ಠೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದಂಡದಿಂದ ಸತ್ಯವು ಯಾರ ಹೃದಯದಲ್ಲಿಯೂ ನೆಲೆಗೊಳ್ಳುವುದಿಲ್ಲ.

ಇನ್ನು ತಾಯಂದಿರ ಸಂಕಟಕ್ಕೆ ಬರೋಣ. ನಾಲ್ಕನೆಯ ಶತಮಾನದಲ್ಲಿ ಅಗಸ್ಟಿನ್ನರ ತಾಯಿ ಮೋನಿಕಾ ಎಂಬವರು ಮಗನನ್ನು ಹಿಂಬಾಲಿಸಿ ಮಿಲಾನಿಗೆ ಬಂದರು. ಅಲ್ಲಿಯವರು ಶನಿವಾರ ಉಪವಾಸ ಮಾಡುತ್ತಿರಲಿಲ್ಲ. ತಾವು ಏನು ಮಾಡಬೇಕೆಂದು ತಿಳಿಯದೆ ಆ ತಾಯಿ ಕಳವಳಗೊಂಡರು. ಆಗ ಅಗಸ್ಟಿನ್ನರಿಗೆ ಇಂತಹ ವಿಷಯಗಳಲ್ಲಿ ಆಸಕ್ತಿಯೇ ಇರಲಿಲ್ಲ. ಆದರೂ ತಾಯಿಯ ಸಮಾಧಾನಕ್ಕಾಗಿ ಅವರು ಬಿಷಪ್ ಆಂಬ್ರೋಸರ ಬಳಿಗೆ ಹೋಗಿ ಕೇಳಿದರು. ಮಿಲಾನಿನಲ್ಲಿರುವಾಗ ತಾವು ಶನಿವಾರ ಉಪವಾಸ ಮಾಡುವುದಿಲ್ಲವೆಂದೂ ರೋಮಿಗೆ ಹೋದಾಗ ಮಾಡುವುದುಂಟೆಂದೂ, ಯಾರ ಮನಸ್ಸನ್ನೂ ನೋಯಿಸದಿರಬೇಕಾದರೆ ಆಯಾ ಊರಿನ ಸಭೆಯ ರೂಢಿಯಂತೆ ನಡೆಯುವುದು ಲೇಸೆಂದೂ ಆಂಬ್ರೋಸರು ಹೇಳಿದರು. ತನಗೆ ನಂಬಿಕೆಯಿಲ್ಲದ ವಿಷಯವನ್ನೂ ತಾಯಿಯ ಸಲುವಾಗಿ ಕೇಳಲು ಹೋದ ಆ ಯುವಕನ ನಡೆಯನ್ನು ನಮ್ಮ ಯುವಕರು ಮನಸ್ಸಿಗೆ ತಂದುಕೊಳ್ಳಬೇಕು. ಇದೇ ಅಗಸ್ಟಿನ್ನರು ಮುಂದೆ ಗ್ರಂಥವ್ಯಾಖ್ಯಾನದ ಬಗ್ಗೆ ಬರೆಯುವಾಗ, ದೇವರ ಮತ್ತು ನೆರೆಯವರ ಮೇಲಿನ ಪ್ರೀತಿಯನ್ನು ಬೆಳೆಸದ ಅರ್ಥವು ಗ್ರಂಥದ ಅರ್ಥವೇ ಅಲ್ಲವೆಂಬ ಸೂತ್ರವನ್ನು ಕೊಟ್ಟರು. ತಪ್ಪು ಓದಿನಿಂದಲೂ ಪ್ರೀತಿಗೆ ತಲುಪಿದವನು ದಾರಿ ಬಿಟ್ಟು ಹೊಲದಲ್ಲಿ ನಡೆದು ಊರು ಸೇರಿದವನಂತೆ. ಆದರೂ ಅವನನ್ನು ತಿದ್ದಬೇಕು, ಇಲ್ಲವಾದರೆ ದಾರಿ ಬಿಡುವುದೇ ಅಭ್ಯಾಸವಾದೀತು ಎಂದೂ ಅವರು ಎಚ್ಚರಿಸಿದರು. ಪ್ರೀತಿ ಬೇಕು, ತಿದ್ದುವುದೂ ಬೇಕು.

ಹಾಗಾದರೆ ಎಲ್ಲವನ್ನೂ ಸಹಿಸಿಕೊಳ್ಳಬೇಕೆ? ಇಲ್ಲ. ಗಲಾತ್ಯದವರ ಪತ್ರಿಕೆಯಲ್ಲಿಯೇ ಇನ್ನೊಂದು ಪ್ರಸಂಗವಿದೆ. ಅಂತಿಯೋಕ್ಯ ನಗರದಲ್ಲಿ ಹಿರಿಯ ಶಿಷ್ಯನಾದ ಪೇತ್ರನು ಯೆಹೂದ್ಯರಲ್ಲದವರೊಡನೆ ಕುಳಿತು ಊಟಮಾಡುತ್ತಿದ್ದನು. ಯೆರೂಸಲೇಮಿನಿಂದ ಕೆಲವರು ಬಂದೊಡನೆ ಅವರಿಗೆ ಅಂಜಿ ಹಿಂದೆಗೆದು ಬೇರೆ ಕುಳಿತನು. ಪೌಲನು ಎಲ್ಲರ ಸಮ್ಮುಖದಲ್ಲಿಯೇ ಅವನನ್ನು ಎದುರಿಸಿ ಖಂಡಿಸಿದನು. ದಿನದ ವಿಷಯದಲ್ಲಿ ಅವರವರ ಮನಸ್ಸಿಗೆ ಬಿಟ್ಟ ಪೌಲನು ಪಂಕ್ತಿಯ ವಿಷಯದಲ್ಲಿ ಹಿರಿಯನೆಂಬ ದಾಕ್ಷಿಣ್ಯವನ್ನೂ ನೋಡಲಿಲ್ಲ. ಕ್ರೈಸ್ತರ ಈ ಇಡೀ ಚರ್ಚೆಯಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡ ಸಂಗತಿ ಇದು. ಯಾವ ದಿನ ಉಣ್ಣಬೇಕೆಂಬುದರಲ್ಲಿ ಸ್ವಾತಂತ್ರ್ಯವಿದೆ; ಯಾರೊಡನೆ ಉಣ್ಣಬಾರದೆಂದು ಹೇಳುವ ಸ್ವಾತಂತ್ರ್ಯವಿಲ್ಲ. ಕಲ್ಯಾಣದ ಶರಣರ ಮಹಾಮನೆಯನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಎಲ್ಲ ಮತಗಳೂ ಒಂದೇ ಎಂದು ಹೇಳಿ ಇಲ್ಲಿಗೆ ಮುಗಿಸುವುದು ಸುಲಭ. ನಾವು ಹಾಗೆ ಹೇಳುವುದಿಲ್ಲ. ಕ್ರೈಸ್ತರಿಗೆ ಸತ್ಯವೆಂಬುದು ಇತಿಹಾಸದಲ್ಲಿ ಒಮ್ಮೆ ನಡೆದ ಘಟನೆಯೊಡನೆ, ಒಬ್ಬ ವ್ಯಕ್ತಿಯೊಡನೆ ಬಿಡಿಸಲಾಗದಂತೆ ಬೆಸೆದುಕೊಂಡಿದೆ. ಕ್ರಿಸ್ತನು ಯಾವ ದಿನ ಹುಟ್ಟಿದನೆಂಬುದು ತಿಳಿಯದಿದ್ದರೂ ಹುಟ್ಟಿದನೆಂಬುದು ಅವರ ವಿಶ್ವಾಸದ ಅಡಿಗಲ್ಲು. ನಮ್ಮಲ್ಲಿ ಸತ್ಯವು ಅಂಗೈಯ ಲಿಂಗದಲ್ಲಿ ಅನುಸಂಧಾನದಿಂದ ಅರಿಯಬೇಕಾದ ಅನುಭಾವ. ದಾರಿಗಳು ಬೇರೆಯಾದರೂ ಹಬ್ಬದ ತೊಡಕು ಮಾತ್ರ ಒಂದೇ. ಇಂದು ಲೋಕವೆಲ್ಲ ಆಚರಿಸುವ ಬಸವ ಜಯಂತಿಯನ್ನೇ ನೋಡಿ. ಅದನ್ನು ಸಾರ್ವಜನಿಕ ಉತ್ಸವವಾಗಿ 1913ರಲ್ಲಿ ದಾವಣಗೆರೆಯಲ್ಲಿ ಆರಂಭಿಸಿದವರು ಹರ್ಡೇಕರ ಮಂಜಪ್ಪನವರು. ಹನ್ನೆರಡನೆಯ ಶತಮಾನದ ಶರಣರು ಅಂತಹ ಉತ್ಸವವನ್ನು ವಿಧಿಸಿರಲಿಲ್ಲ; ತಿಥಿ ನಕ್ಷತ್ರಗಳಲ್ಲಿ ಶುಭ ಅಶುಭಗಳನ್ನು ಎಣಿಸುವುದನ್ನಂತೂ ಅವರು ಒಪ್ಪಲೇ ಇಲ್ಲ. ಹಾಗೆಂದು ಬಸವ ಜಯಂತಿಯು ಸುಳ್ಳಾಗುವುದೆ? ಚದುರಿಹೋಗಿದ್ದ ಸಮಾಜವನ್ನು ಅದು ಒಂದುಗೂಡಿಸಿತು. ಅದರ ಸತ್ಯವಿರುವುದು ಆ ಫಲದಲ್ಲಿ.

ಈಗ ಆ ಅಜ್ಜಿ ಮೊಮ್ಮಕ್ಕಳ ಮನೆಗೆ ನಮ್ಮ ಮಾತು ಇಷ್ಟು. ತತ್ತ್ವದ ದೃಷ್ಟಿಯಿಂದ ಮೊಮ್ಮಗನ ಮಾತಿಗೆ ಆಧಾರವಿದೆ. ಅಜ್ಜಿಯ ಮನಸ್ಸು ನೋಯಬಾರದೆಂದು ಅದನ್ನು ನಾವು ಮರೆಮಾಚುವುದಿಲ್ಲ. ಇಷ್ಟಲಿಂಗನಿಷ್ಠೆಯು ಶರಣರ ಜೀವಾಳ. ಆದರೆ ಅದೇ ಶರಣರು ದಯೆಯನ್ನು ಧರ್ಮದ ಬೇರೆಂದರು. ಪೂಜೆಗೆ ಕೂಡದಿದ್ದ ಮೊಮ್ಮಗನು ಅಜ್ಜಿಯ ಎಡೆಗೆ ತಾನೇ ಬಡಿಸಿ, ಜೊತೆಯಲ್ಲಿ ಕುಳಿತು ಉಣ್ಣಬೇಕಿತ್ತು. ಈಗಲೂ ಕಾಲ ಮಿಂಚಿಲ್ಲ. ಅಜ್ಜಿಯವರು ತಮ್ಮ ಹಿರಿಯರಿಂದ ಬಂದ ರೂಢಿಯನ್ನು ರೂಢಿಯೆಂದೇ ಹೇಳಿ ನಡೆಸಲಿ, ಧರ್ಮದ ಕಟ್ಟಳೆಯೆಂದು ಹೇಳದಿರಲಿ. ಮೊಮ್ಮಗನಿಗೆ ಮೊದಲು ವಿಭೂತಿ ಹಚ್ಚಿ ವಚನ ಹೇಳಿಕೊಟ್ಟವರು ಇಂತಹ ಅಜ್ಜಿಯರೇ. ಇಂದು ಅವನು ಕೇಳುತ್ತಿರುವ ಪ್ರಶ್ನೆ ಅವರು ಬಿತ್ತಿದ ಬೀಜದ ಮೊಳಕೆ.

ಇತರ ಮನೆಗಳವರೂ ಮೂರು ಸಂಗತಿಗಳನ್ನು ನೆನಪಿಡಬೇಕು. ಶಾಸ್ತ್ರದಲ್ಲಿ ಇಲ್ಲದುದನ್ನು ಶಾಸ್ತ್ರದಲ್ಲಿದೆಯೆಂದು ಮಕ್ಕಳಿಗೆ ಹೇಳಬೇಡಿ. ಒಮ್ಮೆ ಸುಳ್ಳೆಂದು ತಿಳಿದರೆ ಅವರು ಉಳಿದ ಸತ್ಯವನ್ನೂ ನಂಬಲಾರರು. ಹಬ್ಬ ಮಾಡುವುದನ್ನಾಗಲಿ ಬಿಡುವುದನ್ನಾಗಲಿ ಭಕ್ತಿಯ ಪರೀಕ್ಷೆಯಾಗಿಸಬೇಡಿ. ಆದರೆ ಹಬ್ಬದ ದಿನ ನಿಮ್ಮ ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಸೋದರಿಯೊಬ್ಬಳು ಒಳಕೋಣೆಯಲ್ಲಿ ಉಳಿಯಬೇಕಾಗಿದ್ದರೆ, ಮನೆಗೆಲಸದವರು ಹಿತ್ತಲಲ್ಲಿ ಬೇರೆ ಎಲೆಯಲ್ಲಿ ಉಣ್ಣಬೇಕಾಗಿದ್ದರೆ, ಅಲ್ಲಿ ರೂಢಿಗೆ ಕ್ಷಮೆಯಿಲ್ಲ. ಆ ಹಬ್ಬವನ್ನು ಯಾವ ಗ್ರಂಥದ ಯಾವ ಸಾಲೂ ಕಾಪಾಡಲಾರದು. ಅದನ್ನು ಆ ದಿನವೇ, ಆ ಪಂಕ್ತಿಯಲ್ಲಿಯೇ ತಿದ್ದಬೇಕು.

ನಿಮ್ಮ ಮನೆಗಳಲ್ಲಿ ಗ್ರಂಥದ ಓದು ಬೆಳೆಯಲಿ, ಪ್ರಶ್ನೆಗಳು ಬೆಳೆಯಲಿ, ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವ ಭಾಗ್ಯವು ಎಂದಿಗೂ ತಪ್ಪದಿರಲಿ ಎಂದು ಹಾರೈಸುತ್ತೇವೆ.

ಶರಣು ಶರಣಾರ್ಥಿ.